ಬೇರೆ ಬೇರೆ ಕಂಪನಿಗಳ ರೌಟರ್‌ಗಳ ನಡುವೆ ವಿಪಿಎಲ್‌ಎಸ್

ಹಲವು ಊರುಗಳಲ್ಲಿರುವ ಕಚೇರಿಗಳ ಕಂಪ್ಯೂಟರ್‌ಗಳೆಲ್ಲ ಒಂದೇ ಸ್ವಿಚ್‌ಗೆ ಜೋಡಿಸಿದಂತೆ ಕೆಲಸ ಮಾಡುವ ಹಾಗೆ ಮಾಡುವ ಸೇವೆಯೇ ವರ್ಚುವಲ್ ಪ್ರೈವೇಟ್ ಲ್ಯಾನ್ ಸರ್ವಿಸ್, ಅಂದರೆ ವಿಪಿಎಲ್‌ಎಸ್. ಟೆಲಿಕಾಂ ಕಂಪನಿಯ ಎಂಪಿಎಲ್‌ಎಸ್ (ಲೇಬಲ್ ನೋಡಿ ಪ್ಯಾಕೆಟ್ ಸಾಗಿಸುವ) ಜಾಲದ ಅಂಚಿನಲ್ಲಿರುವ ರೌಟರ್, ಗ್ರಾಹಕರಿಂದ ಬಂದ ಈಥರ್ನೆಟ್ ಫ್ರೇಮಿಗೆ ಎರಡು ಲೇಬಲ್ ಹಚ್ಚುತ್ತದೆ. ಹೊರಗಿನ ಲೇಬಲ್ ಫ್ರೇಮನ್ನು ಆಚೆ ತುದಿಯ ರೌಟರಿಗೆ ಮುಟ್ಟಿಸುತ್ತದೆ. ಅದು ಯಾವ ಗ್ರಾಹಕರದು ಎಂಬುದನ್ನು ಒಳಗಿನ ಲೇಬಲ್ ತಿಳಿಸುತ್ತದೆ. ಹೀಗೆ ಎರಡು ರೌಟರ್‌ಗಳ ನಡುವೆ ಏರ್ಪಡುವ ದಾರಿಗೆ ಸೂಡೋವೈರ್ ಎಂದು ಹೆಸರು.

ಫ್ರೇಮ್ ಸಾಗಿಸುವ ಕೆಲಸವನ್ನು ಸಿಸ್ಕೊ, ಜುನಿಪರ್, ನೋಕಿಯಾ ರೌಟರ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಮಾಡುತ್ತವೆ. ತೊಡಕಿರುವುದು ಅದಕ್ಕೆ ಮುಂಚೆ, ಒಳಗಿನ ಲೇಬಲ್ ಯಾವುದೆಂದು ಎರಡೂ ತುದಿಗಳು ಪರಸ್ಪರ ತಿಳಿಸಿಕೊಳ್ಳುವ ಹಂತದಲ್ಲಿ. ಇದಕ್ಕೆ 2007ರ ಜನವರಿಯಲ್ಲಿ ಇಂಟರ್ನೆಟ್ ಮಾನಕ ಸಂಸ್ಥೆ ಐಇಟಿಎಫ್ ಎರಡು ಮಾನಕಗಳನ್ನು ಹೊರತಂದಿತು. ಆರ್‌ಎಫ್‌ಸಿ 4761 ಬಿಜಿಪಿ ಎಂಬ ಪ್ರೋಟೋಕಾಲನ್ನು ಬಳಸುತ್ತದೆ, ಆರ್‌ಎಫ್‌ಸಿ 4762 ಎಲ್‌ಡಿಪಿ ಎಂಬುದನ್ನು. ಎರಡನ್ನೂ ವಿಪಿಎಲ್‌ಎಸ್ ಎಂದೇ ಕರೆಯುತ್ತಾರೆ, ಆದರೆ ಅವು ಒಂದಕ್ಕೊಂದು ಹೊಂದುವುದಿಲ್ಲ ಎಂಬ ಎಚ್ಚರಿಕೆ ಆ ದಾಖಲೆಗಳಲ್ಲೇ ಇದೆ. ಆದ್ದರಿಂದ ಎರಡು ಕಂಪನಿಗಳ ರೌಟರ್‌ಗಳನ್ನು ಜೋಡಿಸುವವರು, ಎರಡೂ ಕಡೆ ಯಾವ ವಿಧಾನವಿದೆ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು. ಪೆಟ್ಟಿಗೆಯ ಮೇಲೆ ವಿಪಿಎಲ್‌ಎಸ್ ಎಂದು ಬರೆದಿದ್ದರೆ ಸಾಲದು.

ಎಲ್‌ಡಿಪಿ ವಿಧಾನದಲ್ಲಿ ಪ್ರತಿ ಜೋಡಿ ರೌಟರ್‌ಗಳ ನಡುವೆಯೂ ನೇರ ಸಂಪರ್ಕ ಬೇಕು. ಹತ್ತು ರೌಟರ್‌ಗಳಿದ್ದರೆ 45 ಸೂಡೋವೈರ್‌ಗಳು. ಎರಡೂ ತುದಿಗಳಲ್ಲಿ ಒಂದೇ ಗುರುತಿನ ಸಂಖ್ಯೆ ಇರಬೇಕು. ಇದು ಸಿಸ್ಕೊ ಐಒಎಸ್‌ನಲ್ಲಿ ‘ವಿಪಿಎನ್ ಐಡಿ’, ಜುನಿಪರ್‌ನಲ್ಲಿ ‘ವಿಪಿಎಲ್‌ಎಸ್ ಐಡಿ’, ನೋಕಿಯಾದಲ್ಲಿ ಎಸ್‌ಡಿಪಿ (ಆಚೆ ರೌಟರಿಗೆ ಹೋಗುವ ಸುರಂಗದ) ಸಂಖ್ಯೆಯ ಮುಂದೆ ಬರೆಯುವ ‘ವಿಸಿ ಐಡಿ’. ಬಿಜಿಪಿ ವಿಧಾನದಲ್ಲಿ ರೌಟರ್‌ಗಳು ಒಂದನ್ನೊಂದು ತಾವೇ ಹುಡುಕಿಕೊಳ್ಳುತ್ತವೆ. ಅಲ್ಲಿ ಸೇವೆಯನ್ನು ಗುರುತಿಸುವ ರೂಟ್ ಟಾರ್ಗೆಟ್ ಎಲ್ಲ ಕಡೆ ಹೊಂದಬೇಕು, ಪ್ರತಿ ತಾಣದ ಸಂಖ್ಯೆ ಮಾತ್ರ ಬೇರೆ ಬೇರೆ ಇರಬೇಕು.

ವಿಧಾನ ಒಂದೇ ಆದ ಮೇಲೂ ಬಹಳ ಸಲ ಕೆಲಸ ಕೆಡುವುದು ಎಂಟಿಯು, ಅಂದರೆ ಒಮ್ಮೆಗೆ ಕಳಿಸಬಹುದಾದ ಗರಿಷ್ಠ ಗಾತ್ರದ ವಿಚಾರದಲ್ಲಿ. ಎಲ್‌ಡಿಪಿಯಲ್ಲಿ ಎರಡು ತುದಿಗಳು ಹೇಳಿದ ಎಂಟಿಯು ಬೇರೆಯಾದರೆ ಸೂಡೋವೈರ್ ಏಳಬಾರದು ಎಂಬುದೇ ನಿಯಮ. ಆದರೆ ಲೆಕ್ಕ ಹಾಕುವ ಪದ್ಧತಿಯೇ ಬೇರೆ. ಸಿಸ್ಕೊ ಐಒಎಸ್ ಈಥರ್ನೆಟ್ ಹೆಡರ್ ಬಿಟ್ಟು 1500 ಎನ್ನುತ್ತದೆ. ಜುನಿಪರ್‌ನ ಜುನೋಸ್ ಹೆಡರ್‌ನ 14 ಬೈಟ್ ಸೇರಿಸಿ 1514 ಎನ್ನುತ್ತದೆ. ಸಿಸ್ಕೊದ್ದೇ ಐಒಎಸ್ ಎಕ್ಸ್‌ಆರ್ ಕೂಡ 1514 ಎಂದೇ ಎಣಿಸುತ್ತದೆ. ಹೀಗಾಗಿ ಎರಡೂ ಕಡೆ ಒಂದೇ ಅಂಕಿ ಬರೆದವರಿಗೆ ಸಂಪರ್ಕ ಸಿಗದೆ ಹೋಗಬಹುದು. ಜಾಲದ ಒಳಗಿನ ಕೊಂಡಿಗಳ ಎಂಟಿಯು ಬೇರೆಯದೇ ಲೆಕ್ಕ. 1500 ಬೈಟ್‌ಗೆ ಹೆಡರ್‌ನ 14, ವಿಎಲ್ಯಾನ್ ಟ್ಯಾಗಿನ 4, ಎರಡು ಲೇಬಲ್‌ಗಳ 8, ಲೇಬಲ್‌ಗಳ ನಂತರ ಸೇರಿಸಬಹುದಾದ ಕಂಟ್ರೋಲ್ ವರ್ಡ್‌ನ 4 ಸೇರಿದರೆ 1530 ಆಗುತ್ತದೆ. ಅಷ್ಟು ಜಾಗವಿಲ್ಲದಿದ್ದರೆ ಸಣ್ಣ ಪಿಂಗ್ ಸಲೀಸಾಗಿ ಹೋಗುತ್ತದೆ, ದೊಡ್ಡ ಫೈಲ್ ಮಾತ್ರ ಸಿಕ್ಕಿಕೊಳ್ಳುತ್ತದೆ. ಪತ್ತೆಹಚ್ಚಲು ಹೆಚ್ಚು ಕಾಡುವ ದೋಷ ಇದೇ.

ವಿಎಲ್ಯಾನ್ ಟ್ಯಾಗನ್ನು ಒಳಗೆ ಸಾಗಿಸಬೇಕೋ ಬೇಡವೋ ಎಂಬುದನ್ನೂ ಎರಡು ತುದಿಗಳು ಒಪ್ಪಬೇಕು. ಸೂಡೋವೈರ್ ವಿಧ 5 ಎಂದರೆ ಫ್ರೇಮ್ ಇದ್ದ ಹಾಗೆ, ವಿಧ 4 ಎಂದರೆ ಟ್ಯಾಗ್ ಸಹಿತ. ಕಂಟ್ರೋಲ್ ವರ್ಡನ್ನು ಹಲವರು ಬೇಡದ ಹೊರೆಯೆಂದು ತೆಗೆದುಹಾಕುತ್ತಾರೆ, ಅದು ಸರಿಯಲ್ಲ. ನಡುವಿನ ಕೆಲವು ರೌಟರ್‌ಗಳು ಲೇಬಲ್‌ಗಳ ನಂತರದ ಮೊದಲ ಅಂಕಿ ನೋಡಿ ಪ್ಯಾಕೆಟ್ ಯಾವುದೆಂದು ಊಹಿಸುತ್ತವೆ. ಮ್ಯಾಕ್ ವಿಳಾಸ 4 ಅಥವಾ 6ರಿಂದ ಆರಂಭವಾದರೆ ಅದನ್ನು ಐಪಿ ಪ್ಯಾಕೆಟ್ ಎಂದು ತಪ್ಪಾಗಿ ತಿಳಿದು ಒಂದೇ ಹರಿವಿನ ಫ್ರೇಮ್‌ಗಳನ್ನು ಬೇರೆ ಬೇರೆ ದಾರಿಗಳಿಗೆ ಹಂಚುತ್ತವೆ, ಫ್ರೇಮ್‌ಗಳ ಸರದಿ ಕೆಡುತ್ತದೆ. ಕಂಟ್ರೋಲ್ ವರ್ಡ್ ಸೊನ್ನೆಯಿಂದ ಶುರುವಾಗುವುದರಿಂದ ಈ ಗೊಂದಲ ತಪ್ಪುತ್ತದೆ.

ಜಾಲದ ಒಂದು ಭಾಗದಲ್ಲಿ ಬಿಜಿಪಿ, ಇನ್ನೊಂದರಲ್ಲಿ ಎಲ್‌ಡಿಪಿ ಇದ್ದರೆ ಎರಡನ್ನೂ ಬಲ್ಲ ರೌಟರ್ ಗಡಿಯಲ್ಲಿ ನಿಲ್ಲಬೇಕು. ಒಂದು ಸೂಡೋವೈರ್‌ನಿಂದ ಬಂದದ್ದನ್ನು ಇನ್ನೊಂದಕ್ಕೆ ಕಳಿಸಬಾರದೆಂಬುದು ವಿಪಿಎಲ್‌ಎಸ್‌ನ ಮೂಲ ನಿಯಮ. ಈಥರ್ನೆಟ್ ಫ್ರೇಮಿಗೆ ಆಯುಸ್ಸಿನ ಮಿತಿ ಇಲ್ಲದ ಕಾರಣ, ಒಮ್ಮೆ ಸುತ್ತಲು ಬಿದ್ದರೆ ಅದು ನಿಲ್ಲುವುದಿಲ್ಲ. ಗಡಿಯ ರೌಟರ್ ಮಾತ್ರ ಬಿಜಿಪಿ, ಎಲ್‌ಡಿಪಿ ಸೂಡೋವೈರ್‌ಗಳ ಎರಡು ಗುಂಪುಗಳ ನಡುವೆ ಫ್ರೇಮ್ ದಾಟಿಸುತ್ತದೆ, ಒಂದೇ ಗುಂಪಿನೊಳಗೆ ದಾಟಿಸುವುದಿಲ್ಲ. ಜುನೋಸ್‌ನಲ್ಲಿ ಈ ಗುಂಪಿಗೆ ‘ಮೆಶ್ ಗ್ರೂಪ್’ ಎನ್ನುತ್ತಾರೆ.

ಸಂಪರ್ಕ ಏಳದಿದ್ದಾಗ ತಳದಿಂದ ಮೇಲಕ್ಕೆ ನೋಡಬೇಕು: ಎರಡೂ ರೌಟರ್‌ಗಳ ಲೂಪ್‌ಬ್ಯಾಕ್ ವಿಳಾಸಗಳ ನಡುವೆ ಲೇಬಲ್ ದಾರಿ ಇದೆಯೇ, ಬಿಜಿಪಿ ಅಥವಾ ಎಲ್‌ಡಿಪಿ ಸೆಷನ್ ಏರ್ಪಟ್ಟಿದೆಯೇ, ಆಮೇಲೆ ಸೂಡೋವೈರ್. ಜುನೋಸ್‌ನಲ್ಲಿ ‘ಶೋ ವಿಪಿಎಲ್‌ಎಸ್ ಕನೆಕ್ಷನ್ಸ್’ ಎಂದಾಗ ‘ಎಂಎಂ’ ಬಂದರೆ ಎಂಟಿಯು ಹೊಂದಿಲ್ಲವೆಂದೂ ‘ಇಎಂ’ ಬಂದರೆ ಫ್ರೇಮ್ ವಿಧ ಹೊಂದಿಲ್ಲವೆಂದೂ ಅರ್ಥ.