ಉಣ್ಣದಿರುವುದೆಲ್ಲ ಬಡತನವಲ್ಲ

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆ ರೂಪುಗೊಂಡಾಗ ಅದರಲ್ಲಿದ್ದ ತಾಲ್ಲೂಕುಗಳು ನಾಲ್ಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಒಂದೆಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಭತ್ತದ ಗದ್ದೆಗಳು. ಇನ್ನೊಂದೆಡೆ ಮಳೆ ಕೈಕೊಟ್ಟಾಗ ಗುಳೆ ಹೋಗಬೇಕಾದ ಕುಷ್ಟಗಿ, ಯಲಬುರ್ಗಾದ ಒಣಭೂಮಿ. ಇಂಥ ಜಿಲ್ಲೆಯಲ್ಲಿ ಹುಡುಗಿಯೊಬ್ಬಳು ಸೊರಗಿದರೆ ಆಡಳಿತದ ಕಣ್ಣಿಗೆ ಬೀಳುವುದು ಒಂದೇ ಕಾರಣ: ಬಡತನ.

ಆ ಕಾರಣ ಸುಳ್ಳಲ್ಲ. 2021ರಲ್ಲಿ ಕೊಪ್ಪಳವೂ ಸೇರಿದಂತೆ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ನೀಡತೊಡಗಿದ್ದು ಯೋಗ್ಯ ಕ್ರಮವೇ. ಆದರೆ ತಟ್ಟೆಗೆ ಬಡಿಸಿದ್ದೆಲ್ಲ ಹೊಟ್ಟೆ ಸೇರುತ್ತದೆಂಬ ಲೆಕ್ಕದಲ್ಲಿ ಮನಸ್ಸಿಗೆ ಜಾಗವಿಲ್ಲ.

ತಕ್ಷಣದ ಆತಂಕ ಹಸಿವನ್ನು ಅಡಗಿಸುತ್ತದೆ. ದೀರ್ಘಕಾಲದ ಒತ್ತಡದಲ್ಲಿ ಕಾರ್ಟಿಸೋಲ್ ಹಾರ್ಮೋನು ಸಿಹಿ, ಜಿಡ್ಡಿನ ತಿನಿಸಿನ ಬಯಕೆಯನ್ನು ಹೆಚ್ಚಿಸಬಲ್ಲದು. ಎಸ್ಸೆಸ್ಸೆಲ್ಸಿ ಪರೀಕ್ಷೆ, ಒಲ್ಲದ ಮದುವೆಯ ಮಾತು, ದುಡಿಯಲು ದೂರ ಹೋದ ತಂದೆ–ತಾಯಿ, ಇವಾವುವೂ ತನ್ನ ಹಿಡಿತದಲ್ಲಿಲ್ಲದ ಹುಡುಗಿಗೆ ‘ಊಟ ಒಲ್ಲೆ’ ಎಂಬ ಮಾತೊಂದೇ ಸ್ವಂತದ್ದು. ಅದು ಎರಡು ದಿನದ ಮುನಿಸಾದರೆ ಕಳೆದುಹೋಗುತ್ತದೆ. ಒತ್ತಡವನ್ನು ತಾಳಿಕೊಳ್ಳುವ ದಾರಿಯೇ ಆಗಿಬಿಟ್ಟರೆ ಕೆಲವರಲ್ಲಿ ರೋಗವಾಗಿ ಬೇರೂರುತ್ತದೆ.

ಬಡತನ ಮತ್ತು ಮನೋರೋಗ ಇಲ್ಲಿ ಪರಸ್ಪರ ವಿರೋಧಿಗಳೂ ಅಲ್ಲ. 1944–45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಸ್ವಯಂಸೇವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿರಿಸಿದರು. ಹಲವರು ಖಿನ್ನರಾದರು, ಅನ್ನದ ಧ್ಯಾನದಲ್ಲೇ ಮುಳುಗಿದರು. ಮತ್ತೆ ಆಹಾರ ದೊರೆತಾಗ ಕೆಲವರಿಗೆ ತಿನ್ನುವುದನ್ನು ನಿಲ್ಲಿಸಲಾಗಲಿಲ್ಲ. ಹಸಿವೇ ಮನಸ್ಸನ್ನು ಕೆಡಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ಆದರೂ ಇದನ್ನು ತೆಳ್ಳಗಾಗುವ ಹಂಬಲದ ನಗರವಾಸಿಗಳ ರೋಗವೆಂದೇ ಭಾವಿಸಲಾಗಿದೆ. ದಪ್ಪಗಾಗುವ ಭಯವನ್ನೇ ಹೇಳದೆ, ಹೊಟ್ಟೆ ಉಬ್ಬರ, ಹಸಿವಿಲ್ಲ ಎನ್ನುವ ರೋಗಿಗಳನ್ನು ಏಷ್ಯಾದ ವೈದ್ಯರು ಹಲವು ಬಾರಿ ದಾಖಲಿಸಿದ್ದಾರೆ. ಅಂಥವರು ಹೋಬಳಿಯ ಆಸ್ಪತ್ರೆಗೆ ಬಂದರೆ ಗ್ಯಾಸಿನ ಮಾತ್ರೆ ಪಡೆದು ಮರಳುವ ಸಂಭವವೇ ಹೆಚ್ಚು.

ಪರಿಹಾರಕ್ಕೆ ಹೊಸ ಇಲಾಖೆ ಬೇಕಾಗಿಲ್ಲ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು ಪೌಷ್ಟಿಕತೆ, ಮಾನಸಿಕ ಆರೋಗ್ಯ ಎರಡನ್ನೂ ಒಳಗೊಂಡಿದೆ. 2022ರಿಂದ ಟೆಲಿ–ಮನಸ್ ಸಹಾಯವಾಣಿ 14416 ಉಚಿತವಾಗಿ ಲಭ್ಯವಿದೆ. ಕೊರತೆಯಿರುವುದು ಇವೆರಡನ್ನು ಬೆಸೆಯುವಲ್ಲಿ. ತೂಕ ಬರೆದುಕೊಳ್ಳುವ ಆರೋಗ್ಯ ಸಹಾಯಕಿ, ಊಟ ಬಡಿಸುವ ಶಿಕ್ಷಕಿ ಮತ್ತೊಂದು ಪ್ರಶ್ನೆ ಕೇಳುವಂತಾಗಬೇಕು: ‘ಯಾಕವ್ವ, ಉಣ್ಣಾಕ ಮನಸ್ಸಾಗಲಿಲ್ಲೇನು?’ ಉತ್ತರ ಕೇಳುವಷ್ಟು ವ್ಯವಧಾನವನ್ನೂ ಅವರಿಗೆ ಸರ್ಕಾರ ಒದಗಿಸಬೇಕು.