ಕಾಲ್ಚೆಂಡಾಟಕ್ಕೆ ಬೇಕಾದ ಕಾಯಬಲ

ಆಟವೇ ವ್ಯಾಯಾಮ, ಆಡುವವನಿಗೆ ಬೇರೆ ಸಾಮು ಏತಕ್ಕೆ ಎಂಬ ಮಾತು ನಮ್ಮ ಮನೆಗಳಲ್ಲಿ ಬಹುಕಾಲದಿಂದ ರೂಢವಾಗಿದೆ. ಸಂಜೆ ಒಂದು ಗಂಟೆ ಚೆಂಡಿನ ಹಿಂದೆ ಓಡಿ ಬೆವರಿಳಿಸಿ ಬಂದ ಹುಡುಗನನ್ನು ಕಂಡು, ದೇಹಕ್ಕೆ ಸಲ್ಲಬೇಕಾದುದೆಲ್ಲ ಸಂದಿತೆಂದು ತಂದೆತಾಯಿಗಳು ಸಮಾಧಾನ ತಾಳುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವುಂಟು. ಆಟವು ದೇಹಕ್ಕೆ ಕೊಡುವುದು ಬಹಳವಿದ್ದರೂ ದೇಹದಿಂದ ಅದು ಕೇಳುವುದೂ ಬಹಳವಿದೆ. ಕೇಳಿದುದನ್ನು ಕೊಡಬಲ್ಲಂತೆ ದೇಹವನ್ನು ಮೊದಲೇ ಅಣಿಗೊಳಿಸದಿದ್ದರೆ, ಆ ಬಾಕಿಯನ್ನು ಅದು ಪೆಟ್ಟಿನ ರೂಪದಲ್ಲಿ ವಸೂಲು ಮಾಡಿಕೊಳ್ಳುತ್ತದೆ. ಮಕ್ಕಳನ್ನು ಬಯಲಿಗೆ ಕಳುಹಿಸುವ ಗೃಹಸ್ಥರೆಲ್ಲರೂ ಈ ವಿಷಯವನ್ನು ಕೊಂಚ ವಿಚಾರಿಸತಕ್ಕದ್ದೆಂದು ನಾವು ಭಾವಿಸುತ್ತೇವೆ.

ಮೊದಲು ಆಟದ ಸ್ವರೂಪವನ್ನು ನೋಡೋಣ. ೯೦ ನಿಮಿಷಗಳ ಪಂದ್ಯದಲ್ಲಿ ನುರಿತ ಆಟಗಾರನು ಸಾಮಾನ್ಯವಾಗಿ ೧೦ರಿಂದ ೧೨ ಕಿಲೋಮೀಟರು ದೂರವನ್ನು ಕ್ರಮಿಸುತ್ತಾನೆ. ಅದರ ಬಹುಭಾಗ ನಡಿಗೆ ಮತ್ತು ಮೆಲ್ಲೋಟವೇ ಆಗಿರುವುದು. ಆದರೆ ಗೆಲವು ಸೋಲುಗಳನ್ನು ನಿರ್ಣಯಿಸುವುದು ನಡುನಡುವೆ ಬರುವ ಎರಡು ಮೂರು ಸೆಕೆಂಡುಗಳ ಬಿರುಸಿನ ಓಟ. ಓಡುತ್ತಿದ್ದವನು ಥಟ್ಟನೆ ನಿಲ್ಲಬೇಕು. ನಿಂತವನು ಗಕ್ಕನೆ ತಿರುಗಬೇಕು. ಮೇಲಕ್ಕೆ ನೆಗೆದು ಚೆಂಡನ್ನು ತಲೆಯಿಂದ ಹೊಡೆದು, ಒಮ್ಮೊಮ್ಮೆ ಒಂದೇ ಕಾಲಿನ ಮೇಲೆ ನೆಲಕ್ಕಿಳಿಯಬೇಕು. ಹೀಗಾಗಿ ಆಟಗಾರನಿಗೆ ಬೇಕಾದುವು ಮೂರು: ದಮ್ಮು, ವೇಗ, ಮತ್ತು ವೇಗವನ್ನು ತಡೆಯುವ ಬಲ. ಬಂಡಿ ಏರು ಹತ್ತಲು ಎತ್ತಿನ ಬಲ ಹೇಗೆ ಬೇಕೋ, ಇಳಿಜಾರಿನಲ್ಲಿ ಅದನ್ನು ಹಿಡಿದು ನಿಲ್ಲಿಸುವ ಬಲವೂ ಹಾಗೆಯೇ ಬೇಕಷ್ಟೆ. ಮೊದಲಿನೆರಡು ಗುಣಗಳು ಆಡುತ್ತ ಆಡುತ್ತ ಒಂದಿಷ್ಟು ಬರುತ್ತವೆ. ಮೂರನೆಯದನ್ನು ಬೇರೆಯಾಗಿಯೇ ಸಾಧಿಸಬೇಕು.

ಈ ತಡೆಬಲ ಸಾಲದಾದಾಗ ದೇಹವು ಮುಖ್ಯವಾಗಿ ಎರಡು ಕಡೆ ಸೋಲುತ್ತದೆ. ಒಂದು, ತೊಡೆಯ ಹಿಂಬದಿಯ ಸ್ನಾಯು. ಆಟಗಾರರು ಹ್ಯಾಮ್‌ಸ್ಟ್ರಿಂಗ್ ಎನ್ನುವುದು ಇದನ್ನೇ. ರಭಸದಿಂದ ಓಡುವಾಗ ಮುಂದೆ ಚಾಚಿದ ಕಾಲು ನೆಲವನ್ನು ಮುಟ್ಟುವ ಮುನ್ನ, ಈ ಸ್ನಾಯು ಉದ್ದವಾಗಿ ಎಳೆದುಕೊಳ್ಳುತ್ತಲೇ ಕಾಲಿನ ವೇಗವನ್ನು ತಡೆಯಬೇಕು. ಎಳೆತವೂ ಹೊರೆಯೂ ಒಮ್ಮೆಲೇ ಬೀಳುವ ಆ ಕ್ಷಣದಲ್ಲಿಯೇ ಅದು ಹರಿಯುವುದು ಹೆಚ್ಚು. ಇನ್ನೊಂದು, ಮಂಡಿಯೊಳಗೆ ಎರಡು ಎಲುಬುಗಳನ್ನು ಬಿಗಿದಿಡುವ ಅಡ್ಡಬಂಧ. ಎದುರಾಳಿಯು ಮುಟ್ಟದಿದ್ದರೂ, ತಿರುಗುವಾಗಲೋ ನೆಗೆದು ಇಳಿಯುವಾಗಲೋ ಮಂಡಿ ಒಳಮುಖವಾಗಿ ಬಾಗಿದರೆ ಇದು ಹರಿದುಹೋಗುವುದುಂಟು. ಆಮೇಲೆ ಬಹುಮಂದಿಗೆ ಶಸ್ತ್ರಚಿಕಿತ್ಸೆ ಆಗಬೇಕು. ಮರಳಿ ಬಯಲಿಗಿಳಿಯಲು ಒಂಬತ್ತು ತಿಂಗಳಿಗೆ ಕಡಿಮೆಯಿಲ್ಲದ ಕಾಲ ಬೇಕು. ಹೆಣ್ಣುಮಕ್ಕಳಲ್ಲಿ ಈ ಅಪಾಯವು ಗಂಡುಮಕ್ಕಳಿಗಿಂತ ಎರಡು ಮೂರು ಪಟ್ಟು ಹೆಚ್ಚೆಂದು ವೈದ್ಯರು ಕಂಡಿದ್ದಾರೆ.

ಇದೆಲ್ಲ ಹಣೆಯಬರಹವೆಂದು ಕೈಕಟ್ಟಿ ಕೂರಬೇಕಾದುದಿಲ್ಲ. ಡೆನ್ಮಾರ್ಕ್ ದೇಶದಲ್ಲಿ ೫೦ ತಂಡಗಳ ೯೪೨ ಆಟಗಾರರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಮಾತ್ರ ತೊಡೆಯ ಹಿಂಬದಿಯ ಒಂದು ಸಾಮನ್ನು ಕಲಿಸಿ ಪರೀಕ್ಷಿಸಿದರು. ೨೦೧೧ರಲ್ಲಿ ಪ್ರಕಟವಾದ ಫಲವೇನೆಂದರೆ, ಸಾಮು ಮಾಡಿದ ಪಂಗಡದಲ್ಲಿ ೧೫ ಪೆಟ್ಟುಗಳೂ ಮಾಡದ ಪಂಗಡದಲ್ಲಿ ೫೨ ಪೆಟ್ಟುಗಳೂ ಕಂಡುಬಂದುವು. ಆ ಸಾಮಿಗೆ ಯಾವ ಉಪಕರಣವೂ ಬೇಡ. ಮೆತ್ತನೆಯ ಚಾಪೆಯ ಮೇಲೆ ಮಂಡಿಯೂರಿ ನೆಟ್ಟಗಿರಬೇಕು. ಜೊತೆಗಾರನು ಹಿಂದಿನಿಂದ ಎರಡು ಹರಡುಗಳನ್ನೂ ಅದುಮಿ ಹಿಡಿಯಬೇಕು. ಸೊಂಟವನ್ನು ಬಗ್ಗಿಸದೆ, ಮೈಯನ್ನು ಹಲಗೆಯಂತೆ ನೇರವಾಗಿಟ್ಟು, ಮೆಲ್ಲಮೆಲ್ಲನೆ ಮುಂದಕ್ಕೆ ವಾಲುತ್ತ, ಬೀಳುವುದನ್ನು ತೊಡೆಯ ಬಲದಿಂದಲೇ ಆದಷ್ಟು ತಡೆಹಿಡಿದು, ಕೊನೆಗೆ ಅಂಗೈಯೂರಿ ನಿಲ್ಲಬೇಕು. ಮೊದಲ ವಾರ ಒಂದೇ ದಿನ, ಐದೈದರಂತೆ ಎರಡು ಸುತ್ತು ಸಾಕು. ಮುಂದೆ ಹತ್ತು ವಾರಗಳಲ್ಲಿ ಇದನ್ನು ಕ್ರಮವಾಗಿ ಏರಿಸುವುದು.

ನಾರ್ವೆ ದೇಶದಲ್ಲಿ ೧೩ರಿಂದ ೧೭ ವಯಸ್ಸಿನ ೧,೮೯೨ ಬಾಲಿಕೆಯರಲ್ಲಿ ನಡೆದ ಪರೀಕ್ಷೆಯು ೨೦೦೮ರಲ್ಲಿ ಪ್ರಕಟವಾಯಿತು. ಅಲ್ಲಿ ಬಳಸಿದ ಇಪ್ಪತ್ತು ನಿಮಿಷಗಳ ಅಭ್ಯಾಸಕ್ಕೆ 'ಹನ್ನೊಂದು ಪ್ಲಸ್' ಎಂದು ಹೆಸರು. ಅದರಲ್ಲಿ ಮೊದಲ ಎಂಟು ನಿಮಿಷ ನಿಧಾನದ ಓಟ; ಬಳಿಕ ಹತ್ತು ನಿಮಿಷ ಬಲ, ಸಮತೋಲ ಮತ್ತು ನೆಗೆತಗಳ ಸಾಮು; ಕಡೆಗೆ ಎರಡು ನಿಮಿಷ ಬಿರುಸಿನ ಓಟ. ನೆಗೆದು ಇಳಿಯುವಾಗ ಮಂಡಿಯು ಕಾಲ್ಬೆರಳ ನೇರಕ್ಕೇ ಇರಬೇಕು, ಒಳಕ್ಕೆ ವಾಲಬಾರದು ಎಂಬುದೇ ಅದರ ಮುಖ್ಯ ಪಾಠ. ಇದನ್ನು ಅಭ್ಯಸಿಸಿದವರಲ್ಲಿ ಒಟ್ಟು ಪೆಟ್ಟುಗಳು ಸುಮಾರು ಮೂರರಲ್ಲಿ ಒಂದು ಪಾಲು, ತೀವ್ರವಾದ ಪೆಟ್ಟುಗಳು ಸುಮಾರು ಅರ್ಧದಷ್ಟು ಕಡಮೆಯಾದುವು. ವಾರಕ್ಕೆ ಎರಡು ಸಲವಾದರೂ ತಪ್ಪದೆ ಮಾಡಬೇಕೆಂಬುದು ನಿಯಮ.

ನಮ್ಮ ನಾಡಿಗೆ ಈ ಆಟವಾಗಲಿ ಬಲಸಾಧನೆಯಾಗಲಿ ಹೊಸದಲ್ಲ. ೧೯೪೬-೪೭ರ ಸಾಲಿನಲ್ಲಿ ಮೈಸೂರು ತಂಡವು ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಪಡೆಯಿತು. ೧೯೪೮ರ ಲಂಡನ್ ಒಲಿಂಪಿಕ್ ಕೂಟದಲ್ಲಿ ಭಾರತವು ಫ್ರಾನ್ಸಿಗೆ ೨-೧ರಿಂದ ಸೋತಿತಾದರೂ, ನಮ್ಮವರ ಆ ಒಂದು ಗೋಲನ್ನು ಹೊಡೆದವನು ಬೆಂಗಳೂರಿನ ಸಾರಂಗಪಾಣಿ ರಾಮನ್. ೨೦೨೩ರಲ್ಲಿ ರಿಯಾದ್ ನಗರದಲ್ಲಿ ಮೇಘಾಲಯವನ್ನು ೩-೨ರಿಂದ ಗೆದ್ದು ಕರ್ನಾಟಕವು ೫೪ ವರ್ಷಗಳ ಬಳಿಕ ಆ ಟ್ರೋಫಿಯನ್ನು ಮರಳಿ ತಂದಿತು. ಇತ್ತ ಗರಡಿಮನೆಯ ದಂಡ, ಬಸ್ಕಿಗಳನ್ನು ನಮ್ಮ ಹಿರಿಯರು ತಲೆತಲಾಂತರದಿಂದ ಬಲ್ಲರು. ಬಸ್ಕಿ ಹೊಡೆಯುವಾಗ ಮೈಯನ್ನು ತಡೆಹಿಡಿದು ಮೆಲ್ಲನೆ ಇಳಿಸುವ ಭಾಗವಿದೆಯಲ್ಲವೆ? ಕಾಲ್ಚೆಂಡಾಟಕ್ಕೆ ಬೇಕಾದ ತಡೆಬಲವು ಹುಟ್ಟುವುದು ಅಲ್ಲಿಯೇ. ಗರಡಿಯೂ ಬಯಲೂ ಒಂದನ್ನೊಂದು ಅರಿಯದೆ ದೂರ ಉಳಿದುದೇ ನಮ್ಮ ಕೊರತೆ.

ಬಲವನ್ನು ಗಳಿಸುವ ಮಾರ್ಗ ಒಂದೇ: ಹೊರೆಯನ್ನು ಸ್ವಲ್ಪಸ್ವಲ್ಪವಾಗಿ ಏರಿಸುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯವೈದ್ಯ ಥಾಮಸ್ ಡಿಲಾರ್ಮ್ ಎಂಬಾತನು, ಗಾಯದಿಂದ ತೊಡೆ ಸೊರಗಿದ ಯೋಧರಿಗೆ ಇದೇ ಕ್ರಮದಲ್ಲಿ ಭಾರವೆತ್ತಿಸಿ ಬಲವನ್ನು ಮರಳಿಸಿ, ೧೯೪೫ರಲ್ಲಿ ಅದನ್ನು ಪ್ರಕಟಿಸಿದನು. ಅತಿ ಮಾಡಬಾರದೆಂಬ ಎಚ್ಚರಿಕೆ ನಮ್ಮ ಆಯುರ್ವೇದದಲ್ಲಿಯೇ ಇದೆ. ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ಸುಶ್ರುತಸಂಹಿತೆಯು ವಿಧಿಸುತ್ತದೆ. ಇನ್ನೂ ಎರಡು ಮೂರು ಬಾರಿ ಮಾಡಬಲ್ಲೆನೆನ್ನುವಾಗಲೇ ನಿಲ್ಲಿಸುವುದು, ಬಲಸಾಧನೆಯ ಎರಡು ದಿನಗಳ ನಡುವೆ ಒಂದು ದಿನವನ್ನಾದರೂ ಬಿಡುವುದು, ಎಳೆಯರಿಗೆ ಕ್ಷೇಮಕರವಾದ ಪದ್ಧತಿ.

ಭಾರವೆತ್ತಿದರೆ ಮಕ್ಕಳು ಕುಳ್ಳಾಗುವರೆಂಬ ಭಯವು ಹಲವರಲ್ಲಿದೆ. ತಿಳಿದವರ ಮೇಲ್ವಿಚಾರಣೆಯಲ್ಲಿ, ಸರಿಯಾದ ಭಂಗಿಯಿಂದ ಮಾಡುವ ಬಲಸಾಧನೆಯು ಬೆಳೆವಣಿಗೆಯನ್ನು ಕುಂಠಿತಗೊಳಿಸುವುದಿಲ್ಲವೆಂದು ಅಮೆರಿಕದ ಶಿಶುವೈದ್ಯರ ಅಕಾಡೆಮಿಯು ೨೦೨೦ರಲ್ಲಿ ಸ್ಪಷ್ಟಪಡಿಸಿದೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು, ೫ರಿಂದ ೧೭ ವಯಸ್ಸಿನವರು ವಾರಕ್ಕೆ ಮೂರು ದಿನವಾದರೂ ಸ್ನಾಯುಗಳನ್ನೂ ಎಲುಬುಗಳನ್ನೂ ಬಲಪಡಿಸುವ ಚಟುವಟಿಕೆ ಮಾಡಬೇಕೆಂದು ತಿಳಿಸಿತು. ಮೊದಲು ಸ್ವಂತ ಮೈಭಾರವೇ ಸಾಕು. ಭಂಗಿ ಕೈಗೂಡಿದ ಮೇಲೆ ಹೊರೆ.

ಇನ್ನುಳಿದುದು ಮನೆಯವರ ಪಾಲಿನ ಕೆಲಸ. ಹದಿಹರೆಯದ ಆಟಗಾರನಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಬೇಕು. ಬಲವು ಕೂಡಿಬರುವುದು ವಿಶ್ರಾಂತಿಯಲ್ಲಿ. ರಾಗಿ, ಅನ್ನಗಳ ಜೊತೆಗೆ ಬೇಳೆ, ಕಾಳು, ಹಾಲು, ಮೊಸರು, ರೂಢಿಯಿರುವವರಿಗೆ ಮೊಟ್ಟೆ ಮಾಂಸಗಳು ಊಟದಲ್ಲಿರಲಿ. ಬೆಲೆಯುಳ್ಳ ಪುಡಿಡಬ್ಬಿಗಳಿಗೆ ಹಣ ಚೆಲ್ಲಬೇಕಾದುದಿಲ್ಲ. ಸಾಮಿನ ಮರುದಿನದ ಮೈಕೈನೋವು ಸಹಜ. ಅದು ತಾನಾಗಿ ಇಳಿಯುತ್ತದೆ. ಆದರೆ ಮಂಡಿ ಊದಿಕೊಂಡರೆ, ಹೆಜ್ಜೆಯಿಟ್ಟಾಗ ಜಾರಿದಂತಾದರೆ, ಎಣ್ಣೆ ತಿಕ್ಕಿಸಿ ಎಳೆಸಿ ಕಾಲಹರಣ ಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.

ಶಾಲೆಗಳಲ್ಲಿ ಅಂಗಸಾಧನೆಯ ಅವಧಿಯನ್ನು ಉಳಿದ ಪಾಠಗಳಿಗೆ ಎರವಲು ಕೊಡುವುದನ್ನು ನಾವು ಬಹಳ ಕಂಡಿದ್ದೇವೆ. ಆದುದರಿಂದ ಈ ಭಾರವನ್ನು ಶಾಲೆಯ ಮೇಲೆಯೇ ಹೊರಿಸಿ ಸುಮ್ಮನಿರುವುದು ಸಲ್ಲದು. ವಾಚಕ ಮಹಾಶಯರು ತಮ್ಮ ಅಂಗಳದಲ್ಲಿ ವಾರಕ್ಕೆ ಎರಡು ದಿನ, ಇಪ್ಪತ್ತು ನಿಮಿಷ, ಮಗನೊಡನೆಯೂ ಅಷ್ಟೇ ಕಡ್ಡಾಯವಾಗಿ ಮಗಳೊಡನೆಯೂ ನಿಂತು ಈ ಅಭ್ಯಾಸವನ್ನು ಮಾಡಿಸಲಿ. ಚೆಂಡಿನಾಟವು ಹತ್ತು ಹದಿನೈದು ವರ್ಷಗಳದು. ಆ ಮಂಡಿಗಳಾದರೋ ಜೀವಮಾನವೆಲ್ಲ ಅವರನ್ನು ಹೊತ್ತು ನಡೆಯಬೇಕಾದುವು.