ಒಂದು ‘ಧ್ರುವ’, ಹಲವು ಕೆಲಸ

ಹೆಲಿಕಾಪ್ಟರ್ ಎಂದೊಡನೆ ಠಾಣೆ, ಡೊಂಬಿವಲಿಯ ನಮಗೆ ನೆನಪಾಗುವುದು ಮಂತ್ರಿಗಳ ಸವಾರಿ, ಇಲ್ಲವೇ ನೆರೆ ಬಂದಾಗ ಟಿ.ವಿ.ಯಲ್ಲಿ ಕಾಣುವ ದೃಶ್ಯ. ಆದರೆ ಸೈನಿಕರನ್ನು ಹೊರುವ, ಗಾಯಾಳುಗಳನ್ನು ತರುವ, ಕಡಲು ಕಾಯುವ ಹೆಲಿಕಾಪ್ಟರೊಂದು ನಮ್ಮ ಬೆಂಗಳೂರಿನಲ್ಲೇ ಹುಟ್ಟಿದೆ. ಅದೇ ಹಿಂದುಸ್ತಾನ್ ಏರೋನಾಟಿಕ್ಸ್ (ಎಚ್.ಎ.ಎಲ್.) ಸಂಸ್ಥೆಯ ‘ಧ್ರುವ’.

ಮೊದಲು ಎಚ್.ಎ.ಎಲ್. ಫ್ರಾನ್ಸಿನ ಪರವಾನಗಿ ಪಡೆದು ಚೇತಕ್, ಚೀತಾ ಎಂಬ ಒಂಟಿ ಎಂಜಿನ್ನಿನ ಹೆಲಿಕಾಪ್ಟರುಗಳನ್ನು ತಯಾರಿಸುತ್ತಿತ್ತು. ಪರರ ನಕ್ಷೆ ನೋಡಿ ಕಟ್ಟುವುದು ಬೇರೆ, ನಕ್ಷೆಯನ್ನೇ ಬರೆಯುವುದು ಬೇರೆ. 1984ರಲ್ಲಿ ಜರ್ಮನಿಯ ಎಂ.ಬಿ.ಬಿ. ಸಂಸ್ಥೆಯ ಸಲಹೆಯೊಡನೆ ಧ್ರುವದ ವಿನ್ಯಾಸ ಆರಂಭವಾಯಿತು. 1992ರ ಆಗಸ್ಟಿನಲ್ಲಿ ಮೊದಲ ಹಾರಾಟ ನಡೆಯಿತು. ಸೇನಾಪಡೆಗಳ ಕೈ ಸೇರಿದ್ದು 2002ರಲ್ಲಿ. ಈ ನಡುವೆ, 1998ರ ಪೋಖರಣ್ ಅಣುಪರೀಕ್ಷೆಯ ಬಳಿಕ ಅಮೆರಿಕ ಹೇರಿದ ನಿರ್ಬಂಧದಿಂದ ಅಲ್ಲಿಂದ ಬರಬೇಕಿದ್ದ ಎಂಜಿನ್ ಕೈತಪ್ಪಿತು. ಮುಂದೆ ಫ್ರಾನ್ಸಿನ ಟರ್ಬೊಮೆಕಾ ಜೊತೆಗೂಡಿ ಎಚ್.ಎ.ಎಲ್. ‘ಶಕ್ತಿ’ ಎಂಜಿನ್ ಸಿದ್ಧಪಡಿಸಿತು. ಹಿಮಾಲಯದ ಎತ್ತರದಲ್ಲಿ ಗಾಳಿ ತೆಳುವಾಗಿ ಎಂಜಿನ್ನಿನ ಬಲ ಕುಗ್ಗುತ್ತದೆ. ಅಲ್ಲಿಯೂ ಭಾರ ಹೊರಲು ‘ಶಕ್ತಿ’ ನೆರವಾಯಿತು.

ಎರಡು ಎಂಜಿನ್, ಸುಮಾರು ಐದೂವರೆ ಟನ್ ತೂಕದ ಈ ಹೆಲಿಕಾಪ್ಟರಿನಲ್ಲಿ ಹನ್ನೆರಡು ಮಂದಿ ಕೂರಬಹುದು. ಆಸನ ತೆಗೆದು ಸ್ಟ್ರೆಚರ್ ಇಟ್ಟರೆ ಅದೇ ಆಂಬುಲೆನ್ಸ್. ಭೂಸೇನೆಯದಕ್ಕೆ ಇಳಿಯಲು ಕೊಳವೆಯಂಥ ಕಾಲುಗಳು, ನೌಕಾಪಡೆಯದಕ್ಕೆ ಚಕ್ರಗಳು. ರೇಡಾರ್ ಹೊತ್ತರೆ ಕಡಲಲ್ಲಿ ಹುಡುಕಾಟ. ಫಿರಂಗಿ, ರಾಕೆಟ್ ಹೊತ್ತರೆ ಅದರ ಹೆಸರು ‘ರುದ್ರ’. 2013ರ ಉತ್ತರಾಖಂಡದ ಪ್ರವಾಹದಲ್ಲಿ ಜನರನ್ನು ರಕ್ಷಿಸಲು ಧ್ರುವವೂ ಹಾರಿತ್ತು. 2022ರಲ್ಲಿ ವಾಯುಪಡೆ ಸೇರಿದ ಯುದ್ಧ ಹೆಲಿಕಾಪ್ಟರ್ ‘ಪ್ರಚಂಡ’ ಇದರದೇ ವಂಶದ್ದು.

ಹೆಮ್ಮೆಯ ಜೊತೆಗೆ ನೋವೂ ಇದೆ. 2023ರ ಮಾರ್ಚಿನಲ್ಲಿ ನೌಕಾಪಡೆಯ ಧ್ರುವವೊಂದು ನಮ್ಮ ಮುಂಬಯಿ ತೀರದಾಚೆ ನೀರಿಗಿಳಿಯಬೇಕಾಯಿತು. ಅದೃಷ್ಟವಶಾತ್ ಮೂವರೂ ಪಾರಾದರು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವ ಬಿದ್ದು ಮೂವರು ಪ್ರಾಣ ತೆತ್ತರು. ತನಿಖೆಯಲ್ಲಿ ‘ಸ್ವಾಶ್‌ಪ್ಲೇಟ್’ ಮುರಿದದ್ದು ಕಂಡುಬಂತು. ಪೈಲಟ್ ಕೈಯ ಸೂಚನೆಯನ್ನು ಮೇಲೆ ತಿರುಗುವ ಅಲಗುಗಳಿಗೆ ಮುಟ್ಟಿಸುವ ಭಾಗವದು. ಅದು ಕೆಟ್ಟರೆ ಎಂಜಿನ್ ಎರಡಿದ್ದೂ ಫಲವಿಲ್ಲ.

ಆಗ ಮುನ್ನೂರಕ್ಕೂ ಹೆಚ್ಚು ಧ್ರುವಗಳ ಹಾರಾಟ ನಿಂತಿತು. ಸೇನೆ, ವಾಯುಪಡೆಯವು ಮತ್ತೆ ಹಾರಲು ತಿಂಗಳುಗಳೇ ಬೇಕಾದವು. ಒಂದೇ ಯಂತ್ರದಿಂದ ಹತ್ತು ಕೆಲಸ ಮಾಡಿಸಿದರೆ ಬಿಡಿಭಾಗ, ತರಬೇತಿ, ದುರಸ್ತಿ ಎಲ್ಲ ಸುಲಭ. ಆದರೆ ಒಂದು ಭಾಗದ ಮೇಲೆ ಅನುಮಾನ ಬಂದರೆ ಹತ್ತೂ ಕೆಲಸ ಒಟ್ಟಿಗೆ ನಿಲ್ಲುತ್ತವೆ.

ನಿಲ್ಲಿಸಿದ್ದು ಅವಮಾನವೆಂದು ಕೆಲವರಿಗೆ ಅನಿಸಿರಬಹುದು. ಹಾರುವವರು ಯಾರದೋ ಮನೆಯ ಮಕ್ಕಳು. ಅನುಮಾನವಿದ್ದಾಗ ನಿಲ್ಲಿಸಿ ಪರೀಕ್ಷಿಸುವುದೂ ಸ್ವಂತ ನಕ್ಷೆ ಬರೆದವರ ಹೊಣೆಯೇ. ನಮ್ಮ ಮನೆಗಳಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳು ಈ ಕೆಲಸದತ್ತಲೂ ಒಮ್ಮೆ ನೋಡಲಿ.